ಹಡಪದವರ ಕತ್ತಿ, ಎಚ್ಐವಿ ಪಾಠ ಮತ್ತು ನಮ್ಮ ನಾಲ್ಕು ಊರುಗಳು

"ಹಜಾಮ" ಅನ್ನೋ ಪದ ನಮ್ಮಲ್ಲಿ ಬೈಗುಳವಾಗಿ ಹೋಗಿದೆ. ಸವಿತಾ ಸಮಾಜದವರು ಆ ಬಳಕೆ ನಿಲ್ಲಿಸಿ ಅಂತ ಕೇಳುತ್ತಲೇ ಇದ್ದಾರೆ, ನಾವು ಕೇಳಿಸಿಕೊಂಡಿಲ್ಲ. ಆದರೆ ಆ ಪದದ ಮೂಲ ನೋಡಿದರೆ ಆಶ್ಚರ್ಯ ಆಗುತ್ತೆ. ಅರಬ್ಬಿಯಲ್ಲಿ "ಹಜ್ಜಾಮ್" ಅಂದರೆ ಕೂದಲು ಕತ್ತರಿಸುವವನಲ್ಲ, ಮೈಮೇಲೆ ಕೊಂಬು ಅಥವಾ ಬಟ್ಟಲು ಕೂರಿಸಿ ಕೆಟ್ಟ ರಕ್ತ ತೆಗೆಯುವವನು. ಅಂದರೆ ಒಬ್ಬ ವೈದ್ಯ! ರಕ್ತ ತೆಗೆಯುವ ಕೆಲಸ, ಕೂದಲು ತೆಗೆಯುವ ಕೆಲಸ ಎರಡೂ ಒಬ್ಬನದೇ ಆಗಿದ್ದರಿಂದ ಹೆಸರು ಒಂದರಿಂದ ಇನ್ನೊಂದಕ್ಕೆ ಜಾರಿತು.

ಈ ರಕ್ತದ ಸಂಬಂಧವನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ - ಈ ನಾಲ್ಕು ಊರುಗಳ ಸುತ್ತಮುತ್ತ ಕಟಿಂಗ್ ಅಂಗಡಿಯವರಿಗೆ ಎಚ್ಐವಿ ಬಗ್ಗೆ ತಿಳಿಸುವುದು ಅಂದರೆ ಏನು, ಅದರ ಹಿಂದೆ ಎಷ್ಟು ಇತಿಹಾಸ ಅಡಗಿದೆ ಅನ್ನೋದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. "ಅದರಲ್ಲೇನಿದೆ, ಒಬ್ಬನಿಗೆ ಒಂದು ಬ್ಲೇಡು, ಮುಗೀತು" ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು. ಓದುತ್ತಾ ಹೋದ ಹಾಗೆ ಬ್ಲೇಡು ಆ ಪಾಠದ ಚಿಕ್ಕ ಭಾಗ ಅಂತ ಗೊತ್ತಾಯಿತು.

ನಮ್ಮ ಕಡೆ ಕ್ಷೌರದ ಕಸುಬಿನವರನ್ನು ಹಡಪದರು ಅಂತೀವಿ. ನಾವಿ, ನಾವಲಿಗ, ನಾಯಿಂದ, ಭಜಂತ್ರಿ ಅಂತ ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರು. ಹಡಪ ಅಂದರೆ ಎಲೆ ಅಡಿಕೆಯ ಚೀಲ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರ ಹಡಪ ಹಿಡಿಯುತ್ತಿದ್ದ ಶರಣ ಅಪ್ಪಣ್ಣ, ಹಡಪದ ಅಪ್ಪಣ್ಣ. ಅವನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಉತ್ತರ ಕರ್ನಾಟಕದ ಕ್ಷೌರಿಕರು ಅಪ್ಪಣ್ಣನನ್ನು ತಮ್ಮ ಮೂಲಪುರುಷ ಅಂತ ನಂಬಿ ಅವನ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡಿದ್ದಾರೆ. ಕ್ಷೌರದ ಹತಾರ ಇಡುವ ಚೀಲಕ್ಕೂ ಹಡಪ ಅನ್ನುವುದುಂಟು. ಹೆಸರು ಎಷ್ಟು ಚೆನ್ನಾಗಿ ಕೂತಿದೆ ನೋಡಿ.

ಆ ಚೀಲದಲ್ಲಿ ಇರುತ್ತಿದ್ದದ್ದು ಕತ್ತಿ, ಕತ್ತರಿ, ಸಾಣೆಕಲ್ಲು, ಚರ್ಮದ ಪಟ್ಟಿ, ಪಟಿಕದ ಕಲ್ಲು, ಉಗುರು ತೆಗೆಯುವ ಹತಾರ. ಆ ಹತಾರಗಳಿಂದ ಗಡ್ಡ ತೆಗೆಯುವುದಷ್ಟೇ ಆಗುತ್ತಿರಲಿಲ್ಲ. ಕುರು ಕೊಯ್ಯುವುದು, ಮುಳ್ಳು ತೆಗೆಯುವುದು, ಆಣಿ ಕೊರೆಯುವುದು ಎಲ್ಲ ಅವರದೇ. ದಕ್ಷಿಣ ಭಾರತದ ಹಲವು ಕಡೆ ಅವರ ಮನೆಯ ಹೆಣ್ಣುಮಕ್ಕಳು ಸೂಲಗಿತ್ತಿಯರು. ತಮಿಳುನಾಡಿನಲ್ಲಿ ಈ ಜಾತಿಗೆ "ಮರುತ್ತುವರ್" ಅಂತ, ಅಂದರೆ ವೈದ್ಯರು ಅಂತಲೇ ಹೆಸರು. ಯುರೋಪಿನಲ್ಲೂ ಕಥೆ ಇದೇ. ಲಂಡನ್ನಿನಲ್ಲಿ ಕ್ಷೌರಿಕರು ಮತ್ತು ಶಸ್ತ್ರವೈದ್ಯರು 1540ರಿಂದ 1745ರವರೆಗೆ ಒಂದೇ ಸಂಘದಲ್ಲಿದ್ದರು. ಅಲ್ಲಿ ಆಮೇಲೆ ಶಸ್ತ್ರವೈದ್ಯ ಮೇಲೆ ಹೋದ, ಕ್ಷೌರಿಕ ಕೆಳಗೆ ಉಳಿದ. ಇಲ್ಲಿ ಆಸ್ಪತ್ರೆ ಬಂತು, ಕ್ಷೌರಿಕನ ವೈದ್ಯ ಹೋಯಿತು, ಬೈಗುಳ ಉಳಿಯಿತು.

ಇನ್ನೊಂದು ವಿಷಯ, ಆಯ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಹಡಪದವನೂ ಒಬ್ಬ. ಮುಂಬಯಿ ಪ್ರಾಂತ್ಯದ ಕಾಗದಪತ್ರಗಳಲ್ಲಿ ಇವರನ್ನೇ ಬಲುತೇದಾರರು ಅನ್ನುತ್ತಿದ್ದರು. ವರ್ಷವಿಡೀ ಮನೆಯವರ ತಲೆ, ಗಡ್ಡ ಮಾಡಿದ್ದಕ್ಕೆ ಸುಗ್ಗಿಯಲ್ಲಿ, ರಾಶಿ ಮಾಡುವಾಗ, ಕಣದಲ್ಲಿ ಇಷ್ಟು ಜೋಳ ಅಂತ ಕೊಡುವುದು. ಇದನ್ನು ನೆನಪಿಟ್ಟುಕೊಳ್ಳಿ, ಬ್ಲೇಡಿನ ಲೆಕ್ಕಕ್ಕೆ ಬಂದಾಗ ಬೇಕಾಗುತ್ತೆ.

ಈಗ ಎಚ್ಐವಿಗೆ ಬರೋಣ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿ ಸಂಗ್ರಹಿಸಿ ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಕೇಂದ್ರದಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಆದದ್ದು 1992ರಲ್ಲಿ, ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ 1997ರಲ್ಲಿ. ಅಷ್ಟು ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಾಪುರದ ಹಳ್ಳಿಗಳಿಗೆ ವೈರಸ್ಸು ಬಂದು ಕೂತಾಗಿತ್ತು.

ಎಷ್ಟರ ಮಟ್ಟಿಗೆ? 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ರಕ್ತ ಪರೀಕ್ಷೆ ಮಾಡಿದ ಒಂದು ದೊಡ್ಡ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಮೂವರಿಗೆ ಸೋಂಕು ಕಂಡಿತು. ಅದಕ್ಕಿಂತ ಮುಖ್ಯ, ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು! ಏಡ್ಸ್ ಅಂದರೆ ಮುಂಬಯಿ, ಲಾರಿ, ಶಹರ ಅಂದುಕೊಂಡಿದ್ದವರಿಗೆ ಇದು ಉಲ್ಟಾ ಲೆಕ್ಕ. ರಾಮದುರ್ಗದಿಂದ ಆಚೆ ಕಾಲಿಟ್ಟರೆ ಬಾಗಲಕೋಟೆ ಜಿಲ್ಲೆ, ಆದ್ದರಿಂದ ಇದು ಪಕ್ಕದ ಮನೆಯ ಸುದ್ದಿ. ನಮ್ಮ ಜಿಲ್ಲೆಯಲ್ಲಿ 2005-06ರಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ನಡುವೆ ನಡೆದ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಸೋಂಕಿತ್ತು. ನಂತರದ ಸುತ್ತುಗಳಲ್ಲಿ ಅದು ಇಳಿಯುತ್ತಾ ಬಂತು.

ನಾಲ್ಕು ಊರುಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಯಾಕೆ ಅಂತ ಸ್ವಲ್ಪ ತಿಳಿಯುತ್ತೆ. ಕಿತ್ತೂರು ನಮಗೆಲ್ಲ ಚೆನ್ನಮ್ಮನ 1824ರ ಕೋಟೆ, ಆದರೆ ಲಾರಿಯವನಿಗೆ ಅದು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಒಂದು ನಿಲ್ದಾಣ. ಬೈಲಹೊಂಗಲ ಅಂದರೆ ಹತ್ತಿ, ಪೇಟೆ, ಸುತ್ತಲಿನ ಹಳ್ಳಿಗಳಿಂದ ಸಂತೆಗೆ ಬರುವ ಗಂಡಸರು. ರಾಮದುರ್ಗ ಒಂದು ಕಾಲದ ಪುಟ್ಟ ಸಂಸ್ಥಾನ, ಮಗ್ಗದ ಊರು. ಮಳೆ ಕೈಕೊಟ್ಟಾಗ ಆ ಕಡೆಯ ಜನ ಗೋವಾಕ್ಕೆ, ಸಾಂಗಲಿಗೆ, ಪುಣೆಗೆ ದುಡಿಯಲು ಹೋಗುತ್ತಾರೆ. ಮತ್ತು ಸವದತ್ತಿ, ಎಲ್ಲಮ್ಮನ ಗುಡ್ಡ.

ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯನ್ನು ತಡೆಯಲು ಮುಂಬಯಿ ಪ್ರಾಂತ್ಯ 1934ರಲ್ಲೇ ಕಾಯ್ದೆ ಮಾಡಿತ್ತು, ಕರ್ನಾಟಕ 1982ರಲ್ಲಿ ಮತ್ತೆ ಮಾಡಿತು. ಆದರೂ 1993-94ರ ಸರ್ಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು, 2007-08ರಲ್ಲಿ ಇನ್ನೂ 23,787 ಮಂದಿ. ಇವರೆಲ್ಲ ವೃತ್ತಿಯಲ್ಲಿದ್ದರು ಅಂತಲ್ಲ. ಆದರೆ ಕರ್ನಾಟಕದ ಲೈಂಗಿಕ ವೃತ್ತಿಯ ಮಹಿಳೆಯರನ್ನು ಮಾತಾಡಿಸಿದ, 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ವರಲ್ಲಿ ಒಬ್ಬರು ದೇವದಾಸಿ ಪದ್ಧತಿಯ ಮೂಲಕ ಬಂದವರು. ಉತ್ತರದ ಜಿಲ್ಲೆಗಳಲ್ಲಿ ಇನ್ನೂ ಹೆಚ್ಚು. ಅವರು ಬೇರೆಯವರಿಗಿಂತ ಚಿಕ್ಕ ವಯಸ್ಸಿಗೆ ಶುರುಮಾಡಿದವರು, ಹೆಚ್ಚಾಗಿ ಹಳ್ಳಿಯಲ್ಲೇ, ತಮ್ಮ ಮನೆಯಲ್ಲೇ ಇದ್ದವರು. ಹಳ್ಳಿಯಲ್ಲಿ ಸೋಂಕು ಹೆಚ್ಚು ಯಾಕೆ ಅನ್ನೋದಕ್ಕೆ ಉತ್ತರದ ಒಂದು ತುಂಡು ಇಲ್ಲಿದೆ.

ಇಂಥ ಜಾಗದಲ್ಲಿ ಕ್ಷೌರಿಕನಿಗೆ ಏನು ಕಲಿಸಬೇಕು?

1990ರ ದಶಕದಿಂದಲೂ ಏಡ್ಸ್ ಬಗ್ಗೆ ಭಾಷಣ, ಕರಪತ್ರ, ಗೋಡೆ ಬರಹ ಎಲ್ಲದರಲ್ಲೂ ಒಂದು ಸಾಲು ಇದ್ದೇ ಇರುತ್ತಿತ್ತು, ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳಿ ಅಂತ. ಅದು ಜನರ ಬಾಯಿಗೆ ಎಷ್ಟು ಹತ್ತಿತು ಅಂದರೆ ಈಗಲೂ ಬೈಲಹೊಂಗಲದ ಯಾವ ಕಟಿಂಗ್ ಅಂಗಡಿಯಲ್ಲಿ ಕೂತರೂ "ಹೊಸಾ ಬ್ಲೇಡ್ ಹಾಕ್ರಿ" ಅನ್ನುವವರು ಸಿಗುತ್ತಾರೆ. ಅಂಗಡಿಯವರು ಪಾಕೀಟನ್ನು ಗಿರಾಕಿಯ ಕಣ್ಣೆದುರೇ ಹಿಡಿದು, ಕಾಗದದ ಸಮೇತ ಬ್ಲೇಡನ್ನು ಉದ್ದಕ್ಕೆ ಮುರಿದು, ಅರ್ಧ ಹಿಡಿಕೆಗೆ ಸಿಕ್ಕಿಸಿ, ಇನ್ನರ್ಧ ಮುಂದಿನವನಿಗೆ ತೆಗೆದಿಡುತ್ತಾರೆ. ಅರ್ಧ ಬ್ಲೇಡಿನ ಈ ಲೆಕ್ಕಾಚಾರ ನನಗಂತೂ ಬಹಳ ಇಷ್ಟ. ಒಂದು ಬ್ಲೇಡಿಗೆ ಎರಡು ಗಡ್ಡ, ಇಬ್ಬರಿಗೂ ಹೊಸದೇ.

ಆದರೆ ಇದು ನಗದು ದುಡ್ಡಿನ ಅಂಗಡಿಯ ಕಥೆ. ಆಯದ ಮೇಲೆ ನಡೆಯುವ ಹಳ್ಳಿಯಲ್ಲಿ? ಸುಗ್ಗಿಗೆ ಜೋಳ ಕೊಡುವವನು ಬ್ಲೇಡಿಗೆ ಅಂತ ಬೇರೆ ದುಡ್ಡು ಕೊಡುವುದಿಲ್ಲ. ಹಳೇ ಕತ್ತಿಯನ್ನು ಸಾಣೆಗೆ ಉಜ್ಜಿ, ಚರ್ಮದ ಪಟ್ಟಿಗೆ ತೀಡಿದರೆ ವರ್ಷಗಟ್ಟಲೆ ನಡೆಯುತ್ತಿತ್ತು, ಪುಗಸಟ್ಟೆ. ಮನುಷ್ಯನಿಗೊಂದು ಬ್ಲೇಡ್ ಅಂದಾಗ ಆ ಖರ್ಚು ಬೀಳುವುದು ಹಡಪದವನ ಕಿಸೆಯ ಮೇಲೆ. ಅದಕ್ಕೇ ಎಷ್ಟೋ ಕಡೆ ಮೊದಲು ಬಂದ ರಾಜಿ ಏನೆಂದರೆ ಗಿರಾಕಿಯೇ ಮನೆಯಿಂದ ಬ್ಲೇಡ್ ತರುವುದು. ತರಬೇತಿ ಕೊಡುವವರು ರೋಗಾಣು ಹೇಗೆ ಹರಡುತ್ತೆ ಅಂತ ಎಷ್ಟೇ ಚೆನ್ನಾಗಿ ಹೇಳಿದರೂ ಈ ಒಂದು ರೂಪಾಯಿಯ ಪ್ರಶ್ನೆ ಬಗೆಹರಿಯದೆ ಪಾಠ ಕೆಳಗಿಳಿಯುವುದಿಲ್ಲ. ಬ್ಲೇಡ್ ಬದಲಾದದ್ದರಲ್ಲಿ ಏಡ್ಸ್ ಪೋಸ್ಟರಿಗೆ ಎಷ್ಟು ಪಾಲೋ, ಆಯ ಮುರಿದು ಅಂಗಡಿ ಬಂದದ್ದಕ್ಕೂ ಅಷ್ಟೇ ಪಾಲು ಅಂತ ನನ್ನ ಅಂದಾಜು.

ಇನ್ನು ವಿಜ್ಞಾನ. ಇಲ್ಲೊಂದು ತಮಾಷೆ ಇದೆ. ಕ್ಷೌರದಂಗಡಿಯಿಂದ ಎಚ್ಐವಿ ಹರಡುವ ಸಾಧ್ಯತೆ ತೀರಾ ತೀರಾ ಕಡಿಮೆ. ದೇಹದ ಹೊರಗೆ ಒಣಗಿದ ಮೇಲೆ ಈ ವೈರಸ್ಸು ಬೇಗ ಸತ್ವ ಕಳೆದುಕೊಳ್ಳುತ್ತೆ. ಸೋಂಕಿತರ ರಕ್ತವಿರುವ ಸೂಜಿ ಆಸ್ಪತ್ರೆಯ ಸಿಬ್ಬಂದಿಗೆ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು, ಅದೂ ಪೊಳ್ಳು ಸೂಜಿಯೊಳಗೆ ರಕ್ತ ಇದ್ದಾಗ. ಬ್ಲೇಡಿನ ಅಂಚಿನ ಮೇಲಿನ ರಕ್ತದ ತೆಳು ಪದರದಿಂದ ಇನ್ನೂ ಕಡಿಮೆ. ನಮ್ಮ ದೇಶದಲ್ಲಿ ಎಚ್ಐವಿ ಬಂದದ್ದು ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಲೈಂಗಿಕ ಸಂಪರ್ಕದಿಂದ. ಆದರೆ ಅದೇ ಕತ್ತಿಗೆ ಹೆಪಟೈಟಿಸ್ ಬಿ ಅಂಟಿಕೊಂಡರೆ ಮಾತು ಬೇರೆ. ಅದು ಹೊರಗಡೆ ಕನಿಷ್ಠ ಏಳು ದಿನ ಜೀವ ಹಿಡಿದಿರುತ್ತೆ. ಸೂಜಿ ಚುಚ್ಚಿದರೆ ತಗಲುವ ಸಾಧ್ಯತೆ ನೂರಕ್ಕೆ ಮೂವತ್ತರವರೆಗೂ ಹೋಗಬಹುದು. ಹೆಪಟೈಟಿಸ್ ಸಿ ಕೂಡ ಕತ್ತಿಯ ಗಿರಾಕಿಯೇ. ಪಾಕಿಸ್ತಾನದಲ್ಲಿ ಕ್ಷೌರದಂಗಡಿ ಮತ್ತು ಈ ಕಾಮಾಲೆಗಳ ಸಂಬಂಧದ ಬಗ್ಗೆ ತುಂಬಾ ತಲೆಕೆಡಿಸಿಕೊಂಡಿದ್ದಾರೆ. ರಾವಲ್ಪಿಂಡಿ, ಇಸ್ಲಾಮಾಬಾದಿನ ಕ್ಷೌರಿಕರ ಮೇಲಿನ ಅಧ್ಯಯನ 2004ರಲ್ಲೇ ಬಂದಿದೆ.

ಅಂದರೆ ಎಚ್ಐವಿ ಹೆಸರಿನಲ್ಲಿ ಕಲಿಸಿದ ಪಾಠದಿಂದ ಹೆಚ್ಚು ಉಳಿದದ್ದು ಜನರ ಲಿವರ್ರು! ಯಾವ ಪೋಸ್ಟರಿನಲ್ಲೂ ಅದನ್ನು ಹಾಗೆ ಬರೆದಿರಲಿಲ್ಲ. ಏಡ್ಸ್ ಅಂದರೆ ಹೆದರುತ್ತಾರೆ, ಕಾಮಾಲೆ ಅಂದರೆ ಹಳ್ಳಿಯ ಔಷಧಿಗೆ ಹೋಗುತ್ತಾರೆ ಅನ್ನೋ ಲೆಕ್ಕವೂ ಇರಬಹುದು.

ಅಂದ ಹಾಗೆ ಪಟಿಕದ ಕಲ್ಲು. ಗಡ್ಡ ಆದ ಮೇಲೆ ಒದ್ದೆ ಮುಖಕ್ಕೆ ಉಜ್ಜುತ್ತಾರಲ್ಲ, ಗಾಯದ ರಕ್ತ ನಿಲ್ಲಲಿ ಅಂತ. ಬ್ಲೇಡ್ ಬದಲಾಯಿಸಿದವರೂ ಆ ಕಲ್ಲು ಬದಲಾಯಿಸಲ್ಲ. ಒಬ್ಬನ ಗಾಯದಿಂದ ಎದ್ದು ನೇರ ಇನ್ನೊಬ್ಬನ ಗಾಯಕ್ಕೆ ಹೋಗುವ ವಸ್ತು ಅಂಗಡಿಯಲ್ಲಿ ಅದೊಂದೇ. ರಕ್ತ ನಿಲ್ಲಿಸುತ್ತೆ, ರೋಗಾಣು ಕೊಲ್ಲುತ್ತೆ ಅಂತ ನಂಬುವ ಹಾಗಿಲ್ಲ. ಅದನ್ನು ಪುಡಿ ಮಾಡಿ ನೀರಲ್ಲಿ ಕರಗಿಸಿ ಸಿಂಪಡಿಸಿದರೆ ಸಾಕು, ಕಷ್ಟವೇನಿಲ್ಲ. ಹಾಗೇ ಡೆಟಾಲ್ ನೀರಲ್ಲಿ ಕತ್ತರಿ ಒಂದು ಸಲ ಅದ್ದಿ ತೆಗೆದರೆ ಶುದ್ಧವಾಯಿತು ಅನ್ನೋದೂ ಸಮಾಧಾನಕ್ಕಷ್ಟೇ. ಕಬ್ಬಿಣದ ಹತಾರವನ್ನು ತೊಳೆದು ಇಪ್ಪತ್ತು ನಿಮಿಷ ಕುದಿಸುವುದು ಹಳೇ ದಾರಿ, ಈಗಲೂ ಒಳ್ಳೇ ದಾರಿ.

ಬ್ಲೇಡಿನ ಪಾಠ ಎಲ್ಲರಿಗೂ ಯಾಕೆ ಇಷ್ಟವಾಯಿತು ಅಂತ ಯೋಚಿಸಿದ್ದೇನೆ. ಅದರಲ್ಲಿ ನಾಚಿಕೆ ಇಲ್ಲ. ಶಾಲೆಯಲ್ಲಿ ಹೇಳಬಹುದು, ಪಂಚಾಯಿತಿ ಕಟ್ಟೆ ಮೇಲೆ ಹೇಳಬಹುದು, ಮಾವನ ಮುಂದೆ ಅಳಿಯ ಹೇಳಬಹುದು. ನಿರೋಧದ ಮಾತು ಹಾಗಲ್ಲ. ಸರ್ಕಾರ 1968ರಿಂದ ನಿರೋಧ್ ಮಾರುತ್ತಾ ಬಂದಿದ್ದರೂ ಆ ಹೆಸರು ಕೇಳಿದರೆ ಸಭೆ ನೆಲ ನೋಡುತ್ತಿತ್ತು. ಹಾಗಾಗಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನ ಕಾರಣ ಗಂಟಲಲ್ಲೇ ಉಳಿದು, ತೀರಾ ಸಣ್ಣ ಕಾರಣಕ್ಕೆ ದೊಡ್ಡ ಧ್ವನಿ ಸಿಕ್ಕಿತು. ಹೇಳುವವರಿಗೂ ಅನುಕೂಲ, ಕೇಳುವವರಿಗೂ ಅನುಕೂಲ. ಗೋವಾದಿಂದ ಬಂದ ಗಂಡನಿಗೆ ರೋಗ ಇದ್ದರೆ "ಎಲ್ಲೋ ಕಟಿಂಗ್ ಮಾಡಿಸಿಕೊಂಡಾಗ ಬಂದಿರಬೇಕು" ಅಂತ ಮನೆಯವರು ಹೇಳಿಕೊಳ್ಳಲಿಕ್ಕೂ ಒಂದು ದಾರಿಯಾಯಿತು. ಆ ಸುಳ್ಳಿನಲ್ಲಿ ಮರ್ಯಾದೆ ಉಳಿಸುವ ಅಂತಃಕರಣ ಇದೆ, ನಾನು ನಗುವುದಿಲ್ಲ. ಆದರೆ ಪಾಪ, ಅಪವಾದ ಹೊತ್ತವನು ಹಡಪದವನು.

ಇನ್ನೊಂದು ಪರಿಣಾಮ ಇದಕ್ಕಿಂತ ಕೆಟ್ಟದ್ದು. ಕತ್ತಿಯಿಂದ ರೋಗ ಬರುತ್ತೆ ಅಂದರೆ, ರೋಗ ಇರುವವನ ತಲೆಗೆ ಕತ್ತಿ ಮುಟ್ಟಿಸಬಾರದು ಅಂತ ಆಗುತ್ತೆ. ಸೋಂಕಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ದೇಶದ ಬೇರೆ ಬೇರೆ ಕಡೆಯಿಂದ ಬರುತ್ತಿದ್ದವು. ಅದನ್ನು ಓದುವಾಗ ನನಗೆ ಇದೇನು ಹೊಸದಲ್ಲವಲ್ಲ ಅನ್ನಿಸಿತು.

ಯಾರ ತಲೆ ಮುಟ್ಟಬೇಕು, ಯಾರದ್ದು ಮುಟ್ಟಬಾರದು ಅನ್ನೋ ಲೆಕ್ಕ ಹಡಪದವನ ಕತ್ತಿಗೆ ಎಚ್ಐವಿಗಿಂತ ಎಷ್ಟೋ ಮೊದಲೇ ಗೊತ್ತಿತ್ತು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ಇರಲಿಲ್ಲ. ಅವರು ತಮ್ಮವರಲ್ಲೇ ಒಬ್ಬರಿಂದ ಮಾಡಿಸಿಕೊಳ್ಳಬೇಕಿತ್ತು, ಇಲ್ಲವೇ ಯಾರೂ ಗುರುತು ಹಿಡಿಯದ ಪಟ್ಟಣಕ್ಕೆ ಬಸ್ಸು ಹತ್ತಬೇಕಿತ್ತು. ಸಂವಿಧಾನದ 17ನೇ ವಿಧಿ ಬಂತು, 1955ರ ಅಸ್ಪೃಶ್ಯತಾ ಕಾಯ್ದೆ ಬಂತು. ಆದರೂ 2014ರಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತ ಕೇರಿಯ ಮೇಲೆ ದಾಳಿಯಾಗಿ ಮನೆಗಳಿಗೆ ಬೆಂಕಿ ಬಿತ್ತಲ್ಲ, ಅದರ ಹಿಂದೆಯೂ ಕ್ಷೌರದಂಗಡಿ ಮತ್ತು ಹೋಟೆಲಿಗೆ ಪ್ರವೇಶ ಇಲ್ಲ ಅನ್ನೋ ಜಗಳ ಇತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಪ್ರಕರಣ ಹೈಕೋರ್ಟಿಗೆ ಹೋಯಿತು.

ಹಡಪದವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ನಿಯಮ ಮಾಡಿದ್ದು ಅವರಲ್ಲ. ದಲಿತನ ತಲೆ ಮುಟ್ಟಿದ ಕೈ ತಮ್ಮ ತಲೆಗೆ ಬೇಡ ಅಂತ ಆಯ ಕೊಡುವ ಮನೆಗಳು ಹೇಳಿದರೆ ಅವನ ವರ್ಷದ ಜೋಳವೇ ಹೋಯಿತು. ನಿರಾಕರಣೆಯ ಕತ್ತಿ ಅವನ ಕೈಯಲ್ಲಿತ್ತು, ಹಿಡಿಕೆ ಬೇರೆಯವರ ಕೈಯಲ್ಲಿತ್ತು. ಇದೇ ನಿರಾಕರಣೆಯನ್ನು ಕ್ಷೌರಿಕರು ಒಮ್ಮೆ ತಾವಾಗಿಯೇ ಒಳ್ಳೆಯದಕ್ಕೆ ಬಳಸಿದ್ದೂ ಇದೆ. 1890ರಲ್ಲಿ ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಕ್ಷೌರಿಕರನ್ನು ಸೇರಿಸಿದರು. ಗಂಡ ಸತ್ತ ಬ್ರಾಹ್ಮಣ ಹೆಣ್ಣುಮಕ್ಕಳ ತಲೆ ಬೋಳಿಸುವುದಿಲ್ಲ ಅಂತ ಅವರು ತೀರ್ಮಾನ ಮಾಡಿದರು. ಆಗ ಬೆಳಗಾವಿಯೂ ಅದೇ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಇದು ಯಾಕಿರಲಿಲ್ಲ ಅಂತ ಬೇಜಾರು.

ಈಗ ಎಚ್ಐವಿ ಪಾಠದ ಒಳಗಿನ ನಿಜವಾದ ತಿರುಳಿಗೆ ಬರ್ತೀನಿ. 1985-87ರಲ್ಲಿ ಅಮೆರಿಕದ ಆರೋಗ್ಯ ಸಂಸ್ಥೆ ಆಸ್ಪತ್ರೆಗಳಿಗೆ ಒಂದು ನಿಯಮ ಕೊಟ್ಟಿತು. ಯಾರಿಗೆ ಸೋಂಕಿದೆ ಅಂತ ಹುಡುಕುತ್ತಾ ಕೂರಬೇಡಿ, ಎಲ್ಲರ ರಕ್ತದಲ್ಲೂ ಇದೆ ಅಂತಲೇ ತಿಳಿದು ಎಲ್ಲರಿಗೂ ಒಂದೇ ಎಚ್ಚರಿಕೆ ತೆಗೆದುಕೊಳ್ಳಿ ಅಂತ. ಸಾರ್ವತ್ರಿಕ ಎಚ್ಚರಿಕೆ ಅನ್ನೋಣ. ಮನುಷ್ಯನಿಗೊಂದು ಬ್ಲೇಡ್ ಅನ್ನೋದು ಅದರದೇ ಹಳ್ಳಿ ರೂಪ. ಗೌಡರಿಗೆ ಹೊಸ ಬ್ಲೇಡ್, ಮಾಸ್ತರರಿಗೆ ಹೊಸ ಬ್ಲೇಡ್, ಲಾರಿ ಡ್ರೈವರಿಗೆ ಹೊಸ ಬ್ಲೇಡ್, ಕೇರಿಯವನಿಗೆ ಹೊಸ ಬ್ಲೇಡ್, ಸೋಂಕಿತನಿಗೂ ಅದೇ. ಬಂದವನು ಯಾರು ಅಂತ ಕೇಳುವ ಅಗತ್ಯವೇ ಇಲ್ಲ. ಕೇಳಬೇಕಾಗಿಲ್ಲ ಅಂದಮೇಲೆ ನಿರಾಕರಿಸುವುದಕ್ಕೆ ಕಾರಣವೂ ಇಲ್ಲ.

ನೂರಾರು ವರ್ಷ ತಲೆ ನೋಡಿ ಕೆಲಸ ಮಾಡಿದ ಕತ್ತಿಗೆ ತಲೆ ನೋಡಬೇಡ ಅಂತ ಹೇಳುವ ಪಾಠ ಅದು. ಆದರೆ ಅದನ್ನು ಹಾಗೆ ಕಲಿಸಲಿಲ್ಲ. ಹೆದರಿಕೆಯಿಂದ ಶುರುಮಾಡಿದರು, ತಲೆಬುರುಡೆಯ ಚಿತ್ರ ಬರೆದರು. ಹೆದರಿಕೆ ಇದ್ದಲ್ಲಿ ಜನ ಹೊಸ ಬ್ಲೇಡನ್ನೂ ಹಾಕಿದರು, ಜೊತೆಗೆ ಸೋಂಕಿತರನ್ನೂ ದೂರ ಇಟ್ಟರು. 2017ರಲ್ಲಿ ಎಚ್ಐವಿ ಕಾಯ್ದೆ ಬಂದು 2018ರ ಸೆಪ್ಟೆಂಬರಿನಿಂದ ಜಾರಿಯಾಯಿತು. ಸಾರ್ವಜನಿಕರಿಗೆ ಸಿಗುವ ಯಾವ ಸೇವೆಯನ್ನೂ ಸೋಂಕಿನ ಕಾರಣಕ್ಕೆ ನಿರಾಕರಿಸುವಂತಿಲ್ಲ ಅಂತ ಅದರಲ್ಲಿದೆ. ಕ್ಷೌರವೂ ಸೇವೆಯೇ. ಕಿತ್ತೂರಿನ ಅಂಗಡಿಯವನಿಗೆ ಅದನ್ನು ಯಾರು ಹೇಳಬೇಕು ಅನ್ನೋದು ಬೇರೆ ಪ್ರಶ್ನೆ.

ಸವದತ್ತಿಯ ವಿಷಯದಲ್ಲಿ ಕೂದಲಿನದೇ ಒಂದು ಕಥೆ ಇದೆ, ಹೇಳದೆ ಹೋಗಲಾರೆ. ಹಡಪದವನ ಕತ್ತರಿ ಮುಟ್ಟಲು ಹೆದರುತ್ತಿದ್ದ ಇನ್ನೊಂದು ತಲೆ ಇತ್ತು, ಜಡೆ ಬಂದ ತಲೆ. ಕೂದಲು ಗಂಟಾಗಿ, ಒಂದಕ್ಕೊಂದು ಹೆಣೆದುಕೊಂಡು ಹಗ್ಗದ ಹಾಗೆ ಆದರೆ ಎಲ್ಲಮ್ಮ ಮೈಮೇಲೆ ಬಂದಿದ್ದಾಳೆ ಅಂತ ನಂಬಿಕೆ. ಅದಕ್ಕೆ ಭಂಡಾರ ಹಚ್ಚಿ ಪೂಜೆ ಮಾಡುತ್ತಾರೆ, ಕತ್ತರಿಸಿದರೆ ಕೇಡು. ಸಣ್ಣ ಹುಡುಗಿಗೆ ಜಡೆ ಬಂತು ಅಂದರೆ ತಾಯಿ ಕರೆಯುತ್ತಿದ್ದಾಳೆ ಅಂತ ಮುತ್ತು ಕಟ್ಟಲು ಅದೂ ಒಂದು ಕಾರಣವಾಗುತ್ತಿತ್ತು. ತಲೆಗೆ ನೀರು, ಎಣ್ಣೆ, ಬಾಚಣಿಗೆ ಕಾಣದ ಬಡತನ ದೇವರಾಗಿ ಮುಂದೆ ನಿಂತ ಹಾಗೆ. ದೇವದಾಸಿ ಪದ್ಧತಿ ನಿರ್ಮೂಲನೆಗೆ ಹೊರಟ ಕಾರ್ಯಕರ್ತರು ಶಾಂಪೂ, ಕತ್ತರಿ ಹಿಡಿದು ಈ ಜಡೆಗಳನ್ನು ತೊಳೆದು ತೆಗೆಯುತ್ತಿದ್ದರು. ಲುಸಿಂಡಾ ರಾಂಬರ್ಗ್ ಅನ್ನೋ ಮಾನವಶಾಸ್ತ್ರಜ್ಞೆ ಈ ಭಾಗದಲ್ಲಿ ಇದ್ದು ಇದರ ಬಗ್ಗೆ 2009ರಲ್ಲಿ ಒಂದು ದೀರ್ಘ ಲೇಖನ ಬರೆದಿದ್ದಾರೆ. ಅವರಿಗೆ ಈ ಕತ್ತರಿ ಹಾಕುವುದರ ಬಗ್ಗೆಯೇ ತಕರಾರಿದೆ. ಆ ಹೆಂಗಸರಿಗೆ ಜಡೆ ಕೇವಲ ಕೊಳೆಯಲ್ಲ, ದೇವಿಯೇ, ಅದನ್ನು ಕೊಳೆ ಅಂತ ಕತ್ತರಿಸುವಾಗ ಅವರ ಲೋಕವನ್ನೇ ಕತ್ತರಿಸುತ್ತಿದ್ದೀರಿ ಅನ್ನೋ ಅರ್ಥದಲ್ಲಿ. ದೊಡ್ಡವರ ಜಡೆಯ ಮಟ್ಟಿಗೆ ಅವರ ಮಾತು ಒಪ್ಪುತ್ತೇನೆ, ಕೇಳದೆ ಕತ್ತರಿ ಹಾಕುವ ಹಕ್ಕು ಯಾರಿಗೂ ಇಲ್ಲ. ಎಂಟು ವರ್ಷದ ಹುಡುಗಿಯ ತಲೆಯಾದರೆ ನಾನು ಕತ್ತರಿಯ ಕಡೆಗೇ.

ಇದು ಎಚ್ಐವಿ ಪಾಠಕ್ಕೆ ಸಂಬಂಧಿಸಿದ್ದೇ. ಗುಡ್ಡದಲ್ಲಿ ಭಾರತ ಹುಣ್ಣಿಮೆ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಎಲ್ಲಮ್ಮ ಮನೆದೇವರಾದವರು ಮಕ್ಕಳ ಜವಳ ತೆಗೆಸುವುದೂ ಉಂಟು. ಒಂದೇ ದಿನ ಎಷ್ಟೋ ಎಳೆ ತಲೆ ನೋಡುವ ಹಡಪದವನಿಗೆ, ಯಾವ ಹುಡುಗಿಯ ತಲೆಯಲ್ಲಿ ಗಂಟು ಕಟ್ಟುತ್ತಿದೆ ಅನ್ನೋದು ಸರ್ಕಾರಕ್ಕಿಂತ ಮೊದಲು ಕಾಣುತ್ತೆ. ಇದು ಸೀಬರೆ ಗಂಟು ತಾಯೀ, ಎಣ್ಣೆ ಹಚ್ಚಿ ಬಾಚಿದರೆ ಬಿಡುತ್ತೆ ಅಂತ ಅವನು ಒಂದು ಮಾತು ಹೇಳಿದರೆ ಅದಕ್ಕಿಂತ ದೊಡ್ಡ ಎಚ್ಐವಿ ತಡೆ ಇನ್ನೊಂದಿಲ್ಲ.

ಮಾತು ಅಂದೆ. ಬ್ಲೇಡಿಗಿಂತ ಕ್ಷೌರಿಕನ ನಾಲಿಗೆ ಮುಖ್ಯ ಅಂತ ಮೊದಲು ಗುರುತಿಸಿದ್ದು ಬಹುಶಃ ಅಮೆರಿಕದ ಒಬ್ಬ ಹೆಣ್ಣುಮಗಳು. ದಕ್ಷಿಣ ಕೆರೊಲಿನಾದ ಕೊಲಂಬಿಯಾ ಅನ್ನೋ ಊರಿನಲ್ಲಿ ಡಯಾನಾ ಡಯಾನಾ ಅಂತ ಒಬ್ಬ ಕಪ್ಪು ಕೇಶ ವಿನ್ಯಾಸಕಿ. 1980ರ ದಶಕದ ನಡುವಿನಲ್ಲಿ, ಸರ್ಕಾರದವರು ಏನೂ ಹೇಳದೆ ಇದ್ದಾಗ, ಆಕೆ ತನ್ನ ಪಾರ್ಲರಿನಲ್ಲಿ ಕಾಂಡೋಮ್ ಇಟ್ಟು ಪುಕ್ಕಟೆ ಹಂಚಲು ಶುರುಮಾಡಿದಳು. ಬಂದವರು ತೆಗೆದುಕೊಳ್ಳಲು ನಾಚಿಕೊಂಡರು. ಆಗ ಅವುಗಳನ್ನು ಉಡುಗೊರೆ ಕಾಗದದಲ್ಲಿ ಸುತ್ತಿಟ್ಟಳು. ಆಮೇಲೆ ಖಾಲಿಯಾಗತೊಡಗಿದವು! ಬಾಂಬಿ ಸಂಪ್ಟರ್ ಅನ್ನೋ ಆರೋಗ್ಯ ಶಿಕ್ಷಕಿ ಜೊತೆಗೂಡಿದರು, ಎಲೆನ್ ಸ್ಪೈರೋ ಅನ್ನುವವರು ಅದರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಜಿಂಬಾಬ್ವೆಯಲ್ಲಿ ಹೆಂಗಸರ ಕಾಂಡೋಮ್ ಪ್ರಚಾರಕ್ಕೆ ಹೇರ್ ಸಲೂನುಗಳನ್ನೇ ಆರಿಸಿಕೊಂಡರು. ನಮ್ಮ ಪಕ್ಕದ ತಮಿಳುನಾಡಿನಲ್ಲೂ 1990ರ ದಶಕದಲ್ಲಿ ಕ್ಷೌರಿಕರಿಗೆ ಗಿರಾಕಿಗಳ ಜೊತೆ ಇದನ್ನು ಮಾತಾಡಲು ಕಲಿಸಿದರು.

ಯೋಚಿಸಿ ನೋಡಿ, ಹಳ್ಳಿಯಲ್ಲಿ ಗಂಡಸೊಬ್ಬ ಇನ್ನೊಬ್ಬನಿಗೆ ಕುತ್ತಿಗೆ ಒಪ್ಪಿಸಿ ಕಣ್ಣು ಮುಚ್ಚಿ ಕೂರುವ ಜಾಗ ಇನ್ನೆಲ್ಲಿದೆ? ಗೋವಾದಿಂದ ದುಡಿದು ಬಂದವನು ಮನೆಗೆ ಹೋಗುವ ಮೊದಲು ನೀಟಾಗಲು ಕಟಿಂಗ್ ಅಂಗಡಿಗೆ ಹೋಗುತ್ತಾನೆ. ಮದುಮಗ ಮದುವೆಗೆ ಮೊದಲು ಬರುತ್ತಾನೆ. ಮೀಸೆ ಮೂಡುವ ಹುಡುಗ ಮೊದಲ ಗಡ್ಡಕ್ಕೆ ಬರುತ್ತಾನೆ. ಯಾವ ಮಾತು ಯಾರಿಗೆ ಯಾವಾಗ ಬೇಕೋ ಆ ಹೊತ್ತಿಗೆ ಸರಿಯಾಗಿ ಅವನು ಆ ಕುರ್ಚಿಯಲ್ಲಿರುತ್ತಾನೆ. ಡಾಕ್ಟರ ಹತ್ತಿರ ರೋಗ ಬಂದ ಮೇಲೆ ಹೋಗುವುದು. "ಒಮ್ಮೆ ರಕ್ತ ತೋರಿಸ್ಕೋ ತಮ್ಮಾ, ಪುಕ್ಕಟ ಮಾಡ್ತಾರ, ಔಷಧನೂ ಪುಕ್ಕಟ" - ಹಡಪದ ಕಾಕಾ ಇಷ್ಟು ಹೇಳಿದರೆ ಸಾಕಲ್ಲ. ಪುಕ್ಕಟೆ ಔಷಧಿ 2004ರಿಂದ ಇದೆ. 2017ರಿಂದ ಸೋಂಕು ಗೊತ್ತಾದ ಕೂಡಲೇ ಶುರುಮಾಡುತ್ತಾರೆ. ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ಸು ಕಾಣದ ಮಟ್ಟಕ್ಕೆ ಇಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೇ ಇಲ್ಲ. ಈ ಕೊನೆಯ ಸಂಗತಿ ಎಷ್ಟೋ ಓದಿದವರಿಗೇ ಗೊತ್ತಿಲ್ಲ.

ಹೆಂಗಸರ ಕಡೆಯದನ್ನು ನಾನು ಹೊರಗಿನಿಂದಲೇ ಹೇಳಬೇಕು. ಬೈಲಹೊಂಗಲ, ರಾಮದುರ್ಗದಂಥ ಊರುಗಳಲ್ಲೂ ಓಣಿಗೊಂದು ಬ್ಯೂಟಿ ಪಾರ್ಲರ್ ಇದೆ. ಗಂಡ, ಅತ್ತೆ ಯಾರೂ ಇಲ್ಲದೆ ಮದುವೆಯಾದ ಹೆಣ್ಣುಮಗಳು ಅರ್ಧ ಗಂಟೆ ಕೂರುವ ಜಾಗ ಅದೊಂದೇ ಇರಬಹುದು. ನಮ್ಮ ಕಡೆ ಎಚ್ಐವಿ ಬಂದ ಬಹಳಷ್ಟು ಹೆಂಗಸರಿಗೆ ಅದು ಬಂದದ್ದು ಗಂಡನಿಂದ. ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ 1997ರಲ್ಲಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ನೋಡಿದರೆ, ಹೆಂಗಸರು ತಾವೇ ಮಾತಾಡಲು ಕೂತರೆ ಏನಾಗಬಹುದು ಅಂತ ಗೊತ್ತಾಗುತ್ತೆ.

ಇನ್ನು ಕಲಿಸುವ ಗಡಿಬಿಡಿಯಲ್ಲಿ ಕ್ಷೌರಿಕನ ಆರೋಗ್ಯವನ್ನೇ ಮರೆತರು. ದಿನಕ್ಕೆ ಹತ್ತಾರು ಬ್ಲೇಡ್ ಮುರಿಯುವ ಬೆರಳು ಅವನದು. ಗಿರಾಕಿಗೆ ಇರುವುದಕ್ಕಿಂತ ಅಪಾಯ ಅವನಿಗೇ ಹೆಚ್ಚು. ಹೆಪಟೈಟಿಸ್ ಬಿ ಲಸಿಕೆ ನಮ್ಮ ಮಕ್ಕಳ ಕಾರ್ಯಕ್ರಮಕ್ಕೆ 2002ರಲ್ಲಿ ಪ್ರಯೋಗವಾಗಿ, 2011ರ ಹೊತ್ತಿಗೆ ದೇಶಕ್ಕೆಲ್ಲ ಬಂತು. ಅಂದರೆ ಈಗ ಕುರ್ಚಿ ಹಿಂದೆ ನಿಂತಿರುವ ನಡುವಯಸ್ಸಿನವರು ಯಾರೂ ಆ ಲೆಕ್ಕದಲ್ಲಿಲ್ಲ. ಆರು ತಿಂಗಳಲ್ಲಿ ಮೂರು ಸೂಜಿ, ಅಷ್ಟೇ. ನಿಮ್ಮ ಕಟಿಂಗ್ ಅಂಗಡಿಯವರಿಗೆ ಒಮ್ಮೆ ಹೇಳಿ ನೋಡಿ.

ಈಗ ನುಣ್ಣಗೆ ಬೋಳಿಸುವವರೂ ಕಡಿಮೆ, ಎಲ್ಲರದೂ ಟ್ರಿಮ್ಮರ್ ಗಡ್ಡ. ಅದರ ಹಲ್ಲಿಗೆ ಬ್ಲೇಡಿನ ಹಾಗೆ ಪಾಕೀಟು ಇಲ್ಲ, ಗಿರಾಕಿ ಕೇಳುವುದೂ ಇಲ್ಲ. ಒಬ್ಬನಿಂದ ಒಬ್ಬನಿಗೆ ಕುಂಚದಲ್ಲಿ ಕೂದಲು ಝಾಡಿಸಿ ಹಚ್ಚುವುದೇ. ಬ್ಲೇಡು ಬದಲಾಯಿಸಲು ಇಪ್ಪತ್ತು ವರ್ಷ ಹಿಡಿಯಿತು, ಟ್ರಿಮ್ಮರಿನ ಹಲ್ಲಿಗೆ ಸ್ಪಿರಿಟ್ ಹಚ್ಚಲು ಎಷ್ಟು ಹಿಡಿಯುತ್ತೋ. ನಿಮ್ಮೂರಿನಲ್ಲಿ ಆಯ ಯಾವಾಗ ನಿಂತಿತು, ಬ್ಲೇಡ್ ಯಾವಾಗ ಬಂತು, ಕೇರಿಯವರು ಅದೇ ಕುರ್ಚಿಯಲ್ಲಿ ಕೂರುತ್ತಾರಾ - ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ತಿಳಿದದ್ದನ್ನು ಬರೆಯಿರಿ.